ಅಪಾಚೆಯ ನಾಮಕರಣ ಪ್ರಸಂಗ

ಕೇಳಿದ ಪುಟವನ್ನು ಕೇಳಿದವರ ಮುಂದೆ ತಂದಿಡುವ ತಂತ್ರಾಂಶಕ್ಕೆ ವೆಬ್ ಸರ್ವರ್ ಎಂದು ಹೆಸರು. ಉಡುಪಿ ಹೋಟೆಲಿನ ಮಾಣಿಗೂ ಅದಕ್ಕೂ ಕೆಲಸದಲ್ಲಿ ಅಂತಹ ವ್ಯತ್ಯಾಸವೇನೂ ಇಲ್ಲವಾದರೂ, ಮಾಣಿ ಕೆಲಸಕ್ಕೆ ಬಾರದ ದಿನ ಜ್ವರವೆಂದೋ ಊರಿನಲ್ಲಿ ಮದುವೆಯೆಂದೋ ಒಂದು ಮಾತು ಹೇಳಿ ಕಳುಹಿಸುತ್ತಾನೆ. ಸರ್ವರ್ ಮಾತ್ರ ತಾನು ಏಳದಿರುವ ಕಾರಣವನ್ನು ಎಲ್ಲೋ ಒಂದು ಕಡತದಲ್ಲಿ ಬರೆದಿಟ್ಟು, ಬೇಕಾದವರು ಹುಡುಕಿಕೊಳ್ಳಲಿ ಎಂದು ಮಲಗಿಬಿಡುತ್ತದೆ. ಈ ಕುಲದ ಹಿರಿಯರಲ್ಲಿ ಒಂದಾದ ಅಪಾಚೆ 1995ರಲ್ಲಿ ಹುಟ್ಟಿದ್ದು, ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದ ಹಳೆಯ ಸರ್ವರಿಗೆ ಹಲವರು ಸೇರಿ ಹಾಕಿದ ತೇಪೆಗಳಿಂದ ಬೆಳೆದದ್ದು.

ಹೀಗೆ ತೆರೆಯ ಹಿಂದೆ ಕುಳಿತು, ಯಾರೂ ಕರೆಯದಿದ್ದಾಗಲೂ ಎಚ್ಚರವಾಗಿದ್ದು ಸೇವೆ ಮಾಡುವ ತಂತ್ರಾಂಶವನ್ನು ಡೀಮನ್ ಎನ್ನುವರು. 1963ರಲ್ಲಿ ಎಂಐಟಿಯ ಪ್ರಾಜೆಕ್ಟ್ ಮ್ಯಾಕ್ ತಂಡದವರು, ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿಕೊಂಡಿದ್ದ ಅಣುಗಳನ್ನು ವಿಂಗಡಿಸುವ ಭೂತವನ್ನು ನೆನೆದು ಈ ಹೆಸರನ್ನಿಟ್ಟರು. ಕಣ್ಣಿಗೆ ಕಾಣದೆ ಮನೆ ಕಾಯುವ, ಕಟ್ಟಳೆ ತಪ್ಪಿದರೆ ಮುನಿಸಿಕೊಳ್ಳುವ ಶಕ್ತಿಗಳು ಕರಾವಳಿಯವರಿಗೆ ಹೊಸತಲ್ಲವಾದ್ದರಿಂದ ಅವರಿಗೆ ಈ ಪರಿಭಾಷೆಯನ್ನು ವಿವರಿಸುವ ಶ್ರಮ ಬೇಕಾಗಿಲ್ಲ. ಲಿನಕ್ಸ್‌ನಲ್ಲಿ ಈ ಭೂತಗಳನ್ನೆಲ್ಲ ಎಬ್ಬಿಸುವ, ಮಲಗಿಸುವ, ಅವುಗಳ ಪರವಾಗಿ ನುಡಿ ಕೊಡುವ ಪಾತ್ರಿಯ ಸ್ಥಾನದಲ್ಲಿ 2010ರಿಂದೀಚೆಗೆ ಬಂದು ನಿಂತಿರುವುದು ಸಿಸ್ಟಮ್‌ಡಿ. ಅದರ ನುಡಿ ಸಾಮಾನ್ಯವಾಗಿ ಹೀಗಿರುತ್ತದೆ: ಅಪಾಚೆ ಏಳಲಿಲ್ಲ, ವಿವರಗಳಿಗೆ ಜರ್ನಲ್‌ಸಿಟಿಎಲ್ ನೋಡಿ. ಅರ್ಜಿ ತಿರಸ್ಕೃತವಾಗಿದೆ, ಕಾರಣಕ್ಕೆ ಏಳನೆಯ ಕೌಂಟರಿನಲ್ಲಿ ವಿಚಾರಿಸಿ ಎಂಬುದಕ್ಕಿಂತ ಇದು ಒಂದಕ್ಷರವೂ ಹೆಚ್ಚಲ್ಲ.

ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿರುವ ಪ್ರಕರಣದಲ್ಲಿ ರೋಗಿಯೂ ವೈದ್ಯನೂ ರೋಗಕಾರಣವೂ ಒಂದೇ ಮನೆಯಲ್ಲಿದ್ದರು. ತಾಲ್ಲೂಕು ಗ್ರಂಥಾಲಯವೊಂದರಿಂದ ನಿವೃತ್ತರಾದ ಹಿರಿಯರೊಬ್ಬರು ಕೈಯಲ್ಲಿ ಬರೆದಿಟ್ಟುಕೊಂಡಿದ್ದ ಪುಸ್ತಕಗಳ ಪಟ್ಟಿಯನ್ನು ಪ್ರಬಂಧಕಾರನು ಎರಡು ವರ್ಷಗಳ ಹಿಂದೆ ಟೈಪು ಮಾಡಿ, ಡೆಬಿಯನ್ ಲಿನಕ್ಸ್ ಇರುವ ಒಂದು ಬಾಡಿಗೆ ಯಂತ್ರದಲ್ಲಿ ಅಪಾಚೆಯ ಕೈಗೆ ಒಪ್ಪಿಸಿ, ಆ ಉಪಕಾರವನ್ನು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದನು. ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಹೊಸದಾದುದರಿಂದ ಯಂತ್ರವನ್ನು ಒಮ್ಮೆ ರೀಬೂಟ್ ಮಾಡಬೇಕಾಯಿತು. ಮಾಡಿ, ಸರಿಯಾಯಿತೇ ಎಂದು ನೋಡದೆ ಮಲಗಿದನು. ನಾಲ್ಕು ದಿನ ಕಳೆದು, ಹೊಸ ಪುಸ್ತಕಗಳ ಹೆಸರು ಸೇರಿಸಲೆಂದು ರಾತ್ರಿ ಹತ್ತಕ್ಕೆ ಕುಳಿತಾಗ ಪಟ್ಟಿಯ ಜಾಗದಲ್ಲಿ ಬೇರೊಂದು ಪುಟ ಕಾಣಿಸಿತು. ಅಪಾಚೆಯನ್ನು ಡೆಬಿಯನ್‌ನಲ್ಲಿ ಸ್ಥಾಪಿಸಿದ ಕೂಡಲೇ ಅದು ತಾನಾಗಿಯೇ ಇಟ್ಟುಕೊಳ್ಳುವ, ದೊಡ್ಡ ಅಕ್ಷರಗಳಲ್ಲಿ ‘ಇಟ್ ವರ್ಕ್ಸ್’ ಎಂದು ಸಾರುವ ಪುಟ ಅದು. ಅತ್ತ ಸಿಸ್ಟಮ್‌ಡಿಯನ್ನು ಕೇಳಿದರೆ ಅಪಾಚೆ ಏಳಲೇ ಇಲ್ಲ ಎಂಬ ಉತ್ತರ. ಕೆಲಸ ಮಾಡುತ್ತಿದ್ದೇನೆ ಎಂದು ಬೋರ್ಡು ಹಾಕಿಕೊಂಡೇ ಸತ್ತುಬಿದ್ದಿರುವ ಸಂಸ್ಥೆಗಳನ್ನು ಕಂಡವರಿಗೆ ಇದರಲ್ಲಿ ವಿರೋಧಾಭಾಸವೇನೂ ತೋರಲಾರದು. ಆದರೆ ಯಂತ್ರದಿಂದ ಅದನ್ನು ಪ್ರಬಂಧಕಾರನು ನಿರೀಕ್ಷಿಸಿರಲಿಲ್ಲ.

ಇಂತಹ ಸಂದರ್ಭದಲ್ಲಿ ಮಾಡತಕ್ಕ ಮೊದಲ ಪರೀಕ್ಷೆಯೆಂದರೆ ಕಾನ್ಫಿಗ್‌ಟೆಸ್ಟ್. ಸರ್ವರಿಗೆ ಬರೆದುಕೊಟ್ಟ ಸೂಚನೆಗಳ ಕಡತದಲ್ಲಿ ವ್ಯಾಕರಣದೋಷ ಇದೆಯೇ ಎಂಬುದನ್ನು ಇದು ಹೇಳುತ್ತದೆ, ಅಷ್ಟೇ ಹೇಳುತ್ತದೆ. ‘ಸಿಂಟ್ಯಾಕ್ಸ್ ಓಕೆ’ ಎಂದಿತು. ಕೇಶಿರಾಜನ ಸೂತ್ರಗಳಿಗೆ ಎಲ್ಲಿಯೂ ತಪ್ಪದಂತೆ ಶುದ್ಧ ಸುಳ್ಳೊಂದನ್ನು ಹೇಳಲು ಸಾಧ್ಯವಾದ್ದರಿಂದ ಈ ಓಕೆಗೆ ಬೆಲೆ ಸ್ವಲ್ಪ. ಎರಡನೆಯ ಪರೀಕ್ಷೆ ಜರ್ನಲ್, ಅಂದರೆ ಭೂತಗಳೆಲ್ಲ ತಮ್ಮ ಸುಖದುಃಖಗಳನ್ನು ಬರೆದಿಡುವ ದಿನಚರಿ. ಅದನ್ನು ತೆರೆದಾಗ ನಾಲ್ಕು ಸಾಲುಗಳು ಕಾಣಿಸಿದವು. ಪ್ರಬಂಧಕಾರನು ಅವುಗಳಲ್ಲಿ ಮೊದಲನೆಯದನ್ನು ಓದಿದನು.

ಎಎಚ್00558 ಎಂಬ ಸಂಖ್ಯೆಯ ಆ ಸಾಲಿನ ತಾತ್ಪರ್ಯವೇನೆಂದರೆ, ಸರ್ವರಿಗೆ ತನ್ನ ಪೂರ್ಣ ಹೆಸರು ಯಾವುದೆಂದು ಖಚಿತವಾಗುತ್ತಿಲ್ಲ, ಸದ್ಯಕ್ಕೆ 127.0.1.1 ಎಂದು ಭಾವಿಸಿಕೊಂಡಿದೆ. ಪೂರ್ಣ ಹೆಸರೆಂದರೆ ಯಂತ್ರದ ಹೆಸರು, ಅದರ ಮನೆತನ, ಅದರ ಮೇಲಿನ ವಂಶ ಇವೆಲ್ಲವನ್ನೂ ಚುಕ್ಕಿಗಳಿಂದ ಪೋಣಿಸಿದ ವಿಳಾಸ. ಊರಿನ ಹೆಸರು, ತಂದೆಯ ಹೆಸರು, ತನ್ನ ಹೆಸರು ಎಂದು ಇನಿಷಿಯಲ್ಲುಗಳನ್ನು ಹೊತ್ತು ನಡೆಯುವ ನಮ್ಮ ಪದ್ಧತಿಯನ್ನೇ ತಲೆಕೆಳಗು ಮಾಡಿದಂಥದ್ದು. ಈ ಸಾಲನ್ನು ಓದಿದ ಕೂಡಲೇ ಪ್ರಬಂಧಕಾರನ ಮನಸ್ಸಿನಲ್ಲಿ ಸಿದ್ಧಾಂತವೊಂದು ಸರ್ವಾಂಗಸುಂದರವಾಗಿ ಮೂಡಿತು. ಬ್ರೌಸರಿನಲ್ಲಿ ಅಪಾಚೆಯದೇ ಪುಟ ಬರುತ್ತಿದೆ, ಆದುದರಿಂದ ಅಪಾಚೆ ಬದುಕಿದೆ. ಪಟ್ಟಿ ಬರುತ್ತಿಲ್ಲ, ಆದುದರಿಂದ ಅದಕ್ಕೆ ತನ್ನ ಕರ್ತವ್ಯದ ನೆನಪಿಲ್ಲ. ತನ್ನ ಹೆಸರೇ ಗೊತ್ತಿಲ್ಲವೆಂದು ಅದೇ ಬಾಯಿಬಿಟ್ಟು ಹೇಳುತ್ತಿದೆ, ಆದುದರಿಂದ ಇದು ಸ್ಮೃತಿಭ್ರಂಶ. ಶಾಕುಂತಲದ ಉಂಗುರವೊಂದು ಸಿಕ್ಕಿದರೆ ಸಾಕು, ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ. ತರ್ಕದಲ್ಲಿ ಇಷ್ಟು ನುಣುಪು ಇದ್ದಾಗ ಎರಡನೆಯ ಸಾಲನ್ನು ಯಾರು ಓದುತ್ತಾರೆ?

ಹೀಗೆ ನಾಮಕರಣಕ್ಕೆ ಸಿದ್ಧತೆ ನಡೆಯಿತು. ತಟ್ಟೆಯಲ್ಲಿ ಅಕ್ಕಿ ಹರವಿ ಉಂಗುರದಿಂದ ಹೆಸರು ಬರೆಯುವ ಜಾಗದಲ್ಲಿ ಅಪಾಚೆಯ ಮುಖ್ಯ ಕಡತವಿತ್ತು, ಮಗುವಿನ ಕಿವಿಯಲ್ಲಿ ಮೂರು ಸಲ ಉಸುರುವ ಜಾಗದಲ್ಲಿ ‘ಸರ್ವರ್‌ನೇಮ್’ ಎಂಬ ಆದೇಶ. ಯಾವ ಹೆಸರಿಡಬೇಕೆಂಬ ಪ್ರಶ್ನೆಗೇ ಅರ್ಧ ಗಂಟೆ ಹಿಡಿಯಿತು. ಬಾಡಿಗೆಗೆ ಕೊಟ್ಟವರು ಇಟ್ಟಿದ್ದ ಹೆಸರು ಕೈದಿಗಳಿಗೆ ಕೊಡುವ ನಂಬರಿನಂತಿತ್ತು. ‘ಗ್ರಂಥಭಂಡಾರ’ ಎಂಬುದು ಇಂಗ್ಲಿಷ್ ಲಿಪಿಯಲ್ಲಿ ಬರೆದಾಗ ಎಷ್ಟು ಎಚ್ ಬೇಕೆಂಬ ವಿವಾದಕ್ಕೆ ಎಡೆಮಾಡಿಕೊಟ್ಟಿತು. ‘ಸರಸ್ವತಿ’ ಎಂದಿಡೋಣವೆಂದರೆ, ಹೇಳಿಕೇಳಿ ಅದು ಹರಿಯುತ್ತಲೇ ಕಾಣೆಯಾದ ನದಿಯ ಹೆಸರು, ಸರ್ವರಿಗೆ ಶಕುನ ಚೆನ್ನಾಗಿಲ್ಲ. ಕೊನೆಗೆ ‘ಪುಸ್ತಕ’ ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಪೂರ್ಣ ಹೆಸರಿನ ಕೊನೆಯಲ್ಲಿ ಒಂದು ಚುಕ್ಕಿ ಇರಬೇಕೆಂಬ ಶಾಸ್ತ್ರ ನೆನಪಿಗೆ ಬಂತು. ಇಂಟರ್‌ನೆಟ್ಟಿನ ಹೆಸರುಗಳೆಲ್ಲ ಕಟ್ಟಕಡೆಗೆ ಹೆಸರಿಲ್ಲದ ಒಂದು ಮೂಲಕ್ಕೆ ಸೇರುತ್ತವೆ, ಆ ಮೂಲದ ಗುರುತೇ ಈ ಚುಕ್ಕಿ, ವ್ಯವಹಾರದಲ್ಲಿ ಅದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಎಲ್ಲರೂ ಬಿಟ್ಟದ್ದನ್ನು ತಾನೂ ಬಿಡುವುದು ವಿದ್ವತ್ತಿಗೆ ಕುಂದೆಂದು ಪ್ರಬಂಧಕಾರನು ಚುಕ್ಕಿಯನ್ನಿಟ್ಟನು. ಅತಿಯಾಯಿತೆನಿಸಿ ತೆಗೆದನು. ಮತ್ತೆ ಇಟ್ಟನು. ಒಂದು ಬಿಂದುವಿನ ಮುಂದೆ ಇಪ್ಪತ್ತು ನಿಮಿಷ ಕುಳಿತಿದ್ದವನನ್ನು ಹಿಂದಿನ ಕಾಲವಾಗಿದ್ದರೆ ಯೋಗಿಯೆಂದು ಕರೆಯುತ್ತಿದ್ದರು. ಚುಕ್ಕಿ ತೆಗೆದು, ‘ಸರ್ವರ್’ ಮತ್ತು ‘ನೇಮ್’ ಎಂದು ಎರಡು ಪದ ಬಿಡಿಸಿ ಬರೆದುದರಿಂದ ‘ಸರ್ವರ್’ ಎಂಬ ಆದೇಶವೇ ತನಗೆ ತಿಳಿಯದು, ಬಹುಶಃ ಕಾಗುಣಿತ ತಪ್ಪಿರಬೇಕು ಎಂದು ಅಪಾಚೆ ಗದರಿತು. ಸಂಧಿ ಮಾಡಿ ಬರೆದ ಮೇಲೆ ಒಪ್ಪಿಕೊಂಡಿತು. ರಾತ್ರಿ ಹನ್ನೊಂದೂವರೆಗೆ, ಮನೆಯಲ್ಲಿ ಎಲ್ಲರೂ ಮಲಗಿದ್ದ ಹೊತ್ತಿನಲ್ಲಿ, ಪುಸ್ತಕನಾಮಧೇಯನಾದ ಅಪಾಚೆಯನ್ನು ಎಬ್ಬಿಸಲಾಯಿತು.

ಏಳಲಿಲ್ಲ. ಹೆಸರಿಲ್ಲವೆಂಬ ದೂರು ಮಾತ್ರ ದಿನಚರಿಯಿಂದ ಮಾಯವಾಗಿತ್ತು. ಅಲ್ಲಿಯವರೆಗೆ ಅನಾಮಿಕವಾಗಿ ಸಾಯುತ್ತಿದ್ದ ಸರ್ವರ್ ಈಗ ಹೆಸರು ಕುಲಗೋತ್ರ ಸಹಿತವಾಗಿ ಸತ್ತಿತು.

ಸೋತವನು ಸಲಹೆ ಕೇಳುತ್ತಾನೆ, ಸಲಹೆಗಾರರೋ ಯಾವಾಗಲೂ ಎಚ್ಚರವಾಗಿರುತ್ತಾರೆ. ಇವರಲ್ಲೊಂದು ಪಂಥ ಏನೇ ಆಗಲಿ ‘ರೀಸ್ಟಾರ್ಟ್ ಮಾಡಿ ನೋಡಿ’ ಎನ್ನುವವರದು. ಅವರ ಮಾತನ್ನು ಪಾಲಿಸಿ ಎಂಟರ್ ಕೀಲಿಯನ್ನು ಮೇಲಿಂದ ಮೇಲೆ ಒತ್ತಿದಾಗ, ಹತ್ತು ಸೆಕೆಂಡಿನಲ್ಲಿ ಐದಕ್ಕಿಂತ ಹೆಚ್ಚು ಸಲ ಎಬ್ಬಿಸಬಾರದೆಂಬ ನಿಯಮವಿರುವ ಸಿಸ್ಟಮ್‌ಡಿ, ಇಷ್ಟು ಅವಸರ ಒಳ್ಳೆಯದಲ್ಲವೆಂದು ಬಾಗಿಲು ಹಾಕಿಕೊಂಡಿತು. ಇನ್ನೊಂದು ಪಂಥ ಸೆವೆನ್ ಸೆವೆನ್ ಸೆವೆನ್ ಎನ್ನುವವರದು. ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು, ಯಾರು ನಡೆಸಬಹುದು ಎಂಬ ಅನುಮತಿಗಳಿಗೆ ಲಿನಕ್ಸ್‌ನಲ್ಲಿ ಅಂಕಿಗಳಿವೆ. 777 ಎಂದರೆ ಊರಿನವರೆಲ್ಲ ಏನು ಬೇಕಾದರೂ ಮಾಡಿಕೊಳ್ಳಬಹುದು ಎಂದರ್ಥ. ಬೀಗ ಸಿಕ್ಕಿಹಾಕಿಕೊಂಡಿದೆ ಎಂದವನಿಗೆ ಗೋಡೆ ಕೆಡವು ಎನ್ನುವ ಈ ಜನ, ಕೆಡವಿದ ಮನೆಗೆ ಕಳ್ಳ ನುಗ್ಗಿದ ದಿನ ಒಬ್ಬರೂ ಸಿಗುವುದಿಲ್ಲ. ಇಷ್ಟು ಬೇಜವಾಬ್ದಾರಿಯ ಮಾತನ್ನು ಇಷ್ಟು ಆತ್ಮವಿಶ್ವಾಸದಿಂದ ಆಡುವವರು ರಾಜಕೀಯದ ಹೊರಗೆ ಇರುವುದೇ ಆಶ್ಚರ್ಯ. ಜರ್ನಲ್‌ನ ಕೊನೆಯ ಸಾಲಿನಲ್ಲಿ ‘ಲಾಗ್ ಕಡತಗಳನ್ನು ತೆರೆಯಲಾಗಲಿಲ್ಲ’ ಎಂಬ ದಾರಿತಪ್ಪಿಸುವ ಮಾತೂ ಇದ್ದುದರಿಂದ ಪ್ರಬಂಧಕಾರನ ಬೆರಳು ಆ ಮೂರು ಏಳುಗಳ ಹತ್ತಿರ ಹೋಗಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ತಡೆದದ್ದು ವಿವೇಕವಲ್ಲ, ನಿದ್ದೆ. ತೂಕಡಿಕೆಯಲ್ಲಿ ಕಣ್ಣು ಜಾರಿ ನಡುವಿನ ಸಾಲಿನ ಮೇಲೆ ಬಿತ್ತು.

ಅಲ್ಲಿ 98 ಎಂಬ ಅಂಕಿಯೊಡನೆ ‘ಅಡ್ರೆಸ್ ಆಲ್‌ರೆಡಿ ಇನ್ ಯೂಸ್’ ಎಂದು ಬರೆದಿತ್ತು. ಒಂದು ಯಂತ್ರದ ವಿಳಾಸಕ್ಕೆ 65,536 ಪೋರ್ಟುಗಳು, ಅಂದರೆ ಅಂಕಿ ಹಚ್ಚಿದ ಬಾಗಿಲುಗಳು. ವೆಬ್ ಪುಟ ಕೇಳುವವರು ತಟ್ಟುವುದು 80ನೆಯದನ್ನು, ಇದು 1992ರ ಜುಲೈ ತಿಂಗಳ ಅಧಿಕೃತ ಪಟ್ಟಿಯಲ್ಲಿಯೇ ವೆಬ್ಬಿಗೆಂದು ನಮೂದಾಗಿದೆ. ಒಂದು ಪೋರ್ಟಿನಲ್ಲಿ ಒಂದು ಸರ್ವರ್ ಕುಳಿತರೆ ಸಾಮಾನ್ಯವಾಗಿ ಇನ್ನೊಂದಕ್ಕೆ ಅಲ್ಲಿ ಜಾಗವಿಲ್ಲ. ಹಾಗೆ ಕೂರುವುದಕ್ಕೆ ಬೈಂಡ್ ಎನ್ನುವರು. ಸರ್ಕಾರಿ ಬಸ್ಸು ನಿಲ್ದಾಣಕ್ಕೆ ಬಂದು ನಿಲ್ಲುವ ಮೊದಲೇ ಕಿಟಕಿಯೊಳಗಿನಿಂದ ಸೀಟಿಗೆ ಟವೆಲ್ ಎಸೆಯುವ ಕ್ರಿಯೆಗೆ ಇದಕ್ಕಿಂತ ಸಮೀಪದ ಪಾರಿಭಾಷಿಕ ಪದ ಇನ್ನೊಂದಿಲ್ಲ. ಎದ್ದುಹೋದವನ ಟವೆಲ್ ಕೆಲಕಾಲ ಅಲ್ಲಿಯೇ ಉಳಿಯುವುದೂ ಉಂಟು; ಮುಗಿದ ಸಂಪರ್ಕವೊಂದರ ನೆನಪನ್ನು ಲಿನಕ್ಸ್ ಅರವತ್ತು ಸೆಕೆಂಡು ಹಿಡಿದಿಟ್ಟುಕೊಳ್ಳುತ್ತದೆ, ಅಂತಹ ಟವೆಲನ್ನು ಸರಿಸಿ ಕೂರುವ ಜಾಣ್ಮೆ ಅಪಾಚೆಗಿದೆ. ಇಲ್ಲಿ ಆದದ್ದು ಬೇರೆ. ಸೀಟಿನಲ್ಲಿ ನಿಜವಾಗಿಯೇ ಯಾರೋ ಕುಳಿತಿದ್ದರು. ಯಾವ ಬಾಗಿಲಲ್ಲಿ ಯಾರಿದ್ದಾರೆಂದು ತಿಳಿಸುವ ಎಸ್‌ಎಸ್ ಎಂಬ ಆಜ್ಞೆಯನ್ನು ಕೊಟ್ಟಾಗ ಹೆಸರು ಹೊರಬಂತು: ಎಂಜಿನ್‌ಎಕ್ಸ್.

ಇಗೋರ್ ಸಿಸೋಯೆವ್ ಎಂಬ ರಷ್ಯನ್ ತಂತ್ರಜ್ಞರು ಬರೆದು 2004ರಲ್ಲಿ ಲೋಕಕ್ಕೆ ಬಿಟ್ಟ ಈ ಸರ್ವರ್, ಏಕಕಾಲಕ್ಕೆ ಹತ್ತು ಸಾವಿರ ಸಂಪರ್ಕಗಳನ್ನು ನಿಭಾಯಿಸುವ ಸವಾಲಿಗೆ ಉತ್ತರವಾಗಿ ಹುಟ್ಟಿದ್ದು. ದಿನಕ್ಕೆ ಮೂವರು ಓದುಗರಿರುವ ಪುಸ್ತಕಪಟ್ಟಿಗೆ ಅದು ತುರ್ತಾಗಿ ಬೇಕೆಂದು ಮೂರು ತಿಂಗಳ ಹಿಂದೆ ಪ್ರಬಂಧಕಾರನಿಗೆ ಒಂದು ರಾತ್ರಿ ತೋರಿತ್ತು. ಸ್ಥಾಪಿಸಿ, ಬಾಗಿಲು ಖಾಲಿಯಿಲ್ಲದೆ ಅದು ಆಗ ಏಳದಿದ್ದುದರಿಂದ ಬೇಸರಗೊಂಡು, ಬೆಳಗಾಗುವುದರೊಳಗೆ ಅದನ್ನು ಮರೆತಿದ್ದನು. ಎಂಜಿನ್‌ಎಕ್ಸ್ ಮರೆತಿರಲಿಲ್ಲ. ಯಂತ್ರ ಎದ್ದಾಗಲೆಲ್ಲ ತಾನೂ ಏಳಬೇಕೆಂಬ ಪಟ್ಟಿಯಲ್ಲಿ ಅದರ ಹೆಸರು ಸೇರಿಹೋಗಿತ್ತು, ರೀಬೂಟ್ ಆದ ಕ್ಷಣದಲ್ಲಿ ಇಬ್ಬರೂ ಕಿಟಕಿಯ ಕಡೆ ಓಡಿದರು, ಟವೆಲ್ ಮೊದಲು ಬಿದ್ದದ್ದು ಅದರದು. ಡೆಬಿಯನ್‌ನಲ್ಲಿ ಎರಡೂ ಸರ್ವರುಗಳು ತಮ್ಮ ಮೊದಲ ಪುಟವನ್ನು ಹುಡುಕುವುದು ಒಂದೇ ಕೋಣೆಯಲ್ಲಿ. ಆದುದರಿಂದ ಅಪಾಚೆಯ ಸೀಟಿನಲ್ಲಿ ಕುಳಿತ ಎಂಜಿನ್‌ಎಕ್ಸ್, ಅಪಾಚೆ ಇಟ್ಟುಹೋಗಿದ್ದ ‘ಇಟ್ ವರ್ಕ್ಸ್’ ಬೋರ್ಡನ್ನೇ ಎತ್ತಿ ಹಿಡಿದು, ಬಂದವರಿಗೆಲ್ಲ ಅತ್ಯಂತ ಪ್ರಾಮಾಣಿಕವಾಗಿ ತೋರಿಸುತ್ತಿತ್ತು. ಹೆಸರಿನ ದೂರಿನ ವಿಷಯಕ್ಕೆ ಬಂದರೆ, ಹಳೆಯ ದಿನಚರಿಯನ್ನು ತಿರುವಿದಾಗ ಎರಡು ವರ್ಷಗಳಿಂದಲೂ ಪ್ರತಿಸಲ ಏಳುವಾಗ ಅಪಾಚೆ ಅದನ್ನೇ ಗೊಣಗಿದ್ದು, ಗೊಣಗಿಕೊಂಡೇ ಕೆಲಸಕ್ಕೆ ಹೋಗಿದ್ದು ಕಂಡುಬಂತು. ಅದು ದೋಷವೇ ಅಲ್ಲ, ಬರಿಯ ಎಚ್ಚರಿಕೆ.

ಎಂಜಿನ್‌ಎಕ್ಸನ್ನು ಸೀಟಿನಿಂದ ಎಬ್ಬಿಸುವುದೂ ಸುಲಭವಾಗಲಿಲ್ಲ. ಅದರಲ್ಲಿ ಒಬ್ಬ ಯಜಮಾನನೂ ಕೆಲವು ಆಳುಗಳೂ ಇರುತ್ತಾರೆ, ಆಳನ್ನು ಕೊಂದರೆ ಯಜಮಾನ ಇನ್ನೊಬ್ಬನನ್ನು ಹುಟ್ಟಿಸುತ್ತಾನೆ, ರಕ್ತಬೀಜನ ಕಥೆ. ಸಿಸ್ಟಮ್‌ಡಿಯ ಮೂಲಕವೇ ಹೇಳಿಸಿದಾಗ ಮರುಮಾತಿಲ್ಲದೆ ಎದ್ದುಹೋಯಿತು.

ಹೋಗುವ ಮುನ್ನ ಅದು ನಾಲ್ಕು ದಿನ ಬಂದುಹೋದವರ ಲೆಕ್ಕವನ್ನು ಬರೆದಿಟ್ಟಿತ್ತು. ಆ ಲೆಕ್ಕದಲ್ಲಿ ಹೆಚ್ಚಿನವು, ಇಲ್ಲದ ವರ್ಡ್‌ಪ್ರೆಸ್ಸಿನ ಲಾಗಿನ್ ಪುಟಕ್ಕಾಗಿ ಲೋಕದ ಬಾಗಿಲನ್ನೆಲ್ಲ ತಡಕುವ ಕಳ್ಳ ಯಂತ್ರಗಳ ಸಾಲುಗಳು. ಅವುಗಳ ನಡುವೆ ಒಂದೇ ವಿಳಾಸ ಬೆಳಗಿನ ಆರು ಗಂಟೆ ಹತ್ತು ನಿಮಿಷದ ಸುಮಾರಿಗೆ ದಿನವೂ ಬಂದಿತ್ತು. ಮೊದಲ ದಿನ ಹನ್ನೊಂದು ಸಲ ಪುಟವನ್ನು ಕೇಳಿತ್ತು. ಎರಡನೆಯ ದಿನ ನಾಲ್ಕು ಸಲ. ಆಮೇಲಿನ ಎರಡು ದಿನ ಒಂದೊಂದೇ ಸಲ. ನಗುತ್ತ ಓದುತ್ತಿದ್ದ ಪ್ರಬಂಧಕಾರನಿಗೆ ಈ ನಾಲ್ಕು ಅಂಕಿಗಳನ್ನು ದಾಟುವುದು ಕಷ್ಟವಾಯಿತು.

ರಾತ್ರಿ ಎರಡಕ್ಕೆ ಅಪಾಚೆಯನ್ನು ಎಬ್ಬಿಸಿದಾಗ ಪರದೆಯ ಮೇಲೆ ಏನೂ ಬರಲಿಲ್ಲ. ಯುನಿಕ್ಸ್ ಪರಂಪರೆಯಲ್ಲಿ ಕೆಲಸ ಸರಿಯಾದರೆ ಯಾರೂ ಏನೂ ಹೇಳುವುದಿಲ್ಲ.

ಬೆಳಿಗ್ಗೆ ಆರೂಕಾಲಿಗೆ ಫೋನು ಬಂತು.

“ಏನಪ್ಪಾ, ಪಟ್ಟಿ ಬಂತಲ್ಲ! ನಾಲ್ಕು ದಿನದಿಂದ ಇಟ್ ವರ್ಕ್ಸ್ ಇಟ್ ವರ್ಕ್ಸ್ ಅಂತ ಬರ್ತಿತ್ತು, ಏನು ವರ್ಕ್ ಆಗ್ತಿದೆ ಅಂತ ಗೊತ್ತಾಗ್ಲಿಲ್ಲ. ಯಾರೂ ನೋಡಲ್ಲ ಅಂತ ತೆಗೆದುಬಿಟ್ಯೇನೋ ಅಂದ್ಕೊಂಡೆ. ಕೇಳೋದು ಹೇಗೆ ಅಂತ ಸುಮ್ಮನಿದ್ದೆ.”

“ಛೇ, ಇಲ್ಲ ಸರ್. ಒಂದು ಸಣ್ಣ ತೊಂದರೆ ಆಗಿತ್ತು.”

“ಸರಿ ಬಿಡು. ಹಾಂ, ಕಾರಂತರ ಹೆಸರಲ್ಲಿ ಸೊನ್ನೆ ಬಿದ್ದುಹೋಗಿದೆ ನೋಡು. ಕಾರತ ಅಂತಿದೆ, ನಾಲ್ಕು ಕಡೆ.”

“ಅಯ್ಯೋ, ಯಾವಾಗಿಂದ ಸರ್?”

“ಮೊದಲಿನಿಂದ್ಲೂ ಇದೆ. ಓದೋಕೇನೂ ತೊಂದರೆ ಇರಲಿಲ್ಲ, ಅದಕ್ಕೇ ಹೇಳಿರಲಿಲ್ಲ.”