ಸ್ಟೇಜ್ ಒನ್

ನಾನು ಮಾಡಿದ ಮೊದಲ ಮಾಡಿಫಿಕೇಶನ್ನಿಗೆ ಬೇಕಾಗಿದ್ದು ಒಂದು ಇಸ್ಪೀಟೆಲೆ ಮತ್ತು ಅಮ್ಮನ ಬಟ್ಟೆ ಕ್ಲಿಪ್ಪು. ತೀರ್ಥಹಳ್ಳಿಯಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ, ಸೈಕಲ್ಲಿನ ಹಿಂದಿನ ಚಕ್ರದ ಕಡ್ಡಿಗಳಿಗೆ ತಾಗುವಂತೆ ಜೋಕರ್ ಎಲೆಯನ್ನು ಸಿಕ್ಕಿಸಿದ್ದೆ. ತುಳಿದರೆ ಪಟಪಟಪಟ, ಸಾಕ್ಷಾತ್ ಬುಲೆಟ್ಟು. ವೇಗ ಮೊದಲಿಗಿಂತ ಕಮ್ಮಿಯಾಗಿತ್ತು, ತುಳಿಯುವ ಕಾಲು ನೋಯುತ್ತಿತ್ತು, ಆದರೆ ಬೀದಿಯವರು ತಿರುಗಿ ನೋಡುತ್ತಿದ್ದರು. ಜೋಕರ್ ಕಾಣೆಯಾಗಿ ಆ ಭಾನುವಾರ ಅಪ್ಪನ ರಮ್ಮಿ ಮಂಡಳಿ ಬರಖಾಸ್ತಾಯಿತು. ನನಗೆ ಬಿದ್ದ ಏಟಿನ ಸದ್ದು ಸೈಕಲ್ಲಿನದಕ್ಕಿಂತ ಜೋರಾಗಿತ್ತು.

ಈಗ ನನ್ನದು ಪೋಲೋ ಕಾರು. 2021ರ ಮಾಡೆಲ್, ಸೆಕೆಂಡ್ ಹ್ಯಾಂಡ್. 999 ಸಿಸಿ, ಮೂರೇ ಸಿಲಿಂಡರು. ಆದರೆ ಟರ್ಬೋ ಇರುವುದರಿಂದ 110 ಕುದುರೆ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕು. ಸೈಲೆನ್ಸರಿನಲ್ಲಿ ಸುಮ್ಮನೆ ಹೋಗಿಬಿಡುವ ಬಿಸಿ ಹೊಗೆಯಿಂದಲೇ ಒಂದು ಪುಟ್ಟ ಚಕ್ರವನ್ನು ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗಿಸಿ, ಅದರ ಬಲದಿಂದ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಉಪಾಯ ಅದು. ಆಲ್ಫ್ರೆಡ್ ಬ್ಯೂಖಿ ಎಂಬ ಸ್ವಿಸ್ ಎಂಜಿನಿಯರು 1905ರಲ್ಲೇ ಇದರ ಪೇಟೆಂಟಿಗೆ ಅರ್ಜಿ ಹಾಕಿದ್ದ. ಬಚ್ಚಲ ಹಂಡೆಯ ಒಲೆಯಲ್ಲಿ ಉಳಿದ ಕೆಂಡಕ್ಕೆ ಹಲಸಿನ ಬೀಜ ಹಾಕಿ ಸುಡುತ್ತಿದ್ದ ನನ್ನಜ್ಜಿಯದೂ ಇದೇ ತತ್ವ. ಪೇಟೆಂಟಿಗೆ ಓಡಾಡುವಷ್ಟು ಪುರುಸೊತ್ತು ಅವಳಿಗಿರಲಿಲ್ಲ.

ಟರ್ಬೋ ಕಾರು ಕೊಂಡವನಿಗೆ ಮೂರನೇ ತಿಂಗಳಿಗೆ ಒಂದು ತುರಿಕೆ ಹತ್ತುತ್ತದೆ. ಈ ಎಂಜಿನ್ನಿಗೆ ಇನ್ನೂ ಶಕ್ತಿ ಇದೆ, ಕಂಪನಿಯವರು ಸಾಫ್ಟ್‌ವೇರಿನಲ್ಲಿ ಕಟ್ಟಿಹಾಕಿದ್ದಾರೆ ಅಂತ ಯಾರೋ ಕಿವಿಯಲ್ಲಿ ಊದುತ್ತಾರೆ. ಅಲ್ಲಿಂದಾಚೆ ಕಾರಿನ ಮುಖ ನೋಡಿದಾಗಲೆಲ್ಲ ಅಶೋಕವನದ ಸೀತೆಯ ಹಾಗೆ ಕಾಣತೊಡಗುತ್ತದೆ.

ಎಲ್ಲ ಕಾಯಿಲೆಗಳಂತೆ ಇದಕ್ಕೂ ಸ್ಟೇಜುಗಳಿವೆ. ನಾನು ಹೋದ ಅಂಗಡಿಯ ಹುಡುಗ ಬೆರಳು ಮಡಿಸಿ ಹೇಳಿದ: "ಸ್ಟೇಜ್ ಒನ್ ಅಂದ್ರೆ ಬರೀ ರೀಮ್ಯಾಪು ಸಾರ್. ಲ್ಯಾಪ್‌ಟಾಪ್ ಸಿಕ್ಸಿ ಸಾಫ್ಟ್‌ವೇರ್ ಚೇಂಜ್ ಮಾಡೋದು. ಸ್ಟೇಜ್ ಟೂಗೆ ಡೌನ್‌ಪೈಪು, ಇನ್‌ಟೇಕು. ಸ್ಟೇಜ್ ತ್ರೀ ಅಂದ್ರೆ ಟರ್ಬೋನೇ ದೊಡ್ಡದು." ಒಂದರಲ್ಲೇ 110 ಕುದುರೆ 135ರ ಹತ್ತಿರ ಹೋಗುತ್ತದಂತೆ.

"ಆಮೇಲೆ ತೊಂದರೆ?"

"ಏನಿಲ್ಲ ಸಾರ್. ಕ್ಲಚ್ ಜಾರಬಹುದು. ವಾರಂಟಿ ಮರೆತುಬಿಡಿ. ಪೆಟ್ರೋಲು ಮಾತ್ರ ಹೈ ಆಕ್ಟೇನ್ ಹಾಕಿ."

ಬಂಕುಗಳಲ್ಲಿ ಆಗ ಮಾಮೂಲು ಸಿಗುತ್ತಿದ್ದುದು 91 ಆಕ್ಟೇನು. ಸಿಲಿಂಡರಿನಲ್ಲಿ ಒತ್ತಡ ಏರಿದಾಗ ಅದು ಕಿಡಿಯ ಜ್ವಾಲೆ ತಲುಪುವ ಮೊದಲೇ ತಾನಾಗಿ ಉರಿದುಬಿಡುವ ಭಯ. ಅದಕ್ಕೇ 95, 100 ಎಂದು ಮಡಿ ಪೆಟ್ರೋಲುಗಳಿದ್ದುದು. ಇಪ್ಪತ್ತೈದು ಕುದುರೆ ಹೆಚ್ಚಿಗೆ ಸಾಕುತ್ತೇನೆಂದರೆ ಮೇವಿನ ಲೆಕ್ಕವನ್ನೂ ಕೇಳಬೇಕಲ್ಲ.

ನನಗೆ ನಿಜಕ್ಕೂ ಬೇಕಾಗಿದ್ದುದು ಕುದುರೆಯಲ್ಲ, ಅದರ ಕೆನೆತ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಒತ್ತಡದ ಗಾಳಿಯನ್ನು ಹೊರಕ್ಕೆ ಬಿಡುವ ಬ್ಲೋ ಆಫ್ ವಾಲ್ವ್ ಎಂಬುದೊಂದಿದೆ. 'ಪುಸ್ಸ್...' ಎನ್ನುತ್ತದೆ. ಸಾಮಾನ್ಯವಾಗಿ ಕಂಪನಿಗಳು ಕೊಡುವ ವಾಲ್ವು ಆ ಗಾಳಿಯನ್ನು ಮರ್ಯಾದೆಯಿಂದ ಎಂಜಿನ್ನಿನ ದಾರಿಗೇ ತಿರುಗಿಸುತ್ತದೆ, ಅಕ್ಕಪಕ್ಕದವರಿಗೆ ಗೊತ್ತಾಗುವುದಿಲ್ಲ. ಗೊತ್ತಾಗಬೇಕು ಎಂಬುದೇ ನನ್ನ ಬೇಡಿಕೆ. ಹೆಂಡತಿಗೆ ಫೋನಿನಲ್ಲಿ ಆ ಸದ್ದು ಕೇಳಿಸಿದೆ. "ರೀ, ಇದಕ್ಕೆ ಹನ್ನೆರಡು ಸಾವಿರವಾ? ಕುಕ್ಕರು ಬೆಳಿಗ್ಗೆ ಮೂರು ಸಲ ಪುಕ್ಕಟೆ ಕೂಗತ್ತೆ, ಬೇಳೆನೂ ಬೇಯತ್ತೆ" ಎಂದಳು.

ಹಾಗಾದರೆ ದೊಡ್ಡ ಇಂಟರ್‌ಕೂಲರ್ ಹಾಕಿಸೋಣವೆಂದು ಹೊರಟೆ. ಟರ್ಬೋ ಒತ್ತಿದ ಗಾಳಿ ಕಾದಿರುತ್ತದೆ, ಅದನ್ನು ತಣಿಸಲು ಬಂಪರಿನ ಹಿಂದೆ ಹೊಳೆಯುವ ಅಲ್ಯುಮಿನಿಯಮ್ ಜಾಲರಿ. ಬಾನೆಟ್ ಎತ್ತಿದ ಮೆಕ್ಯಾನಿಕ್ಕು ನನ್ನನ್ನು ಕನಿಕರದಿಂದ ನೋಡಿದ. ಈ ಎಂಜಿನ್ನಿನಲ್ಲಿ ಅದು ಇನ್‌ಟೇಕ್ ಮ್ಯಾನಿಫೋಲ್ಡಿನ ಒಳಗೇ ಇದೆ, ನೀರಿನಿಂದ ತಣಿಯುತ್ತದೆ. ಎರಡು ವರ್ಷದಿಂದ ನನ್ನ ಹತ್ತಿರವೇ ಇದ್ದ ಸಾಮಾನಿಗೆ ನಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂರು ಶನಿವಾರ ಅಲೆದಿದ್ದೆ.

ಕಾರನ್ನು ತಗ್ಗಿಸುವ ಸ್ಪ್ರಿಂಗಿನ ಆಸೆ ಒಂದೇ ಸಂಜೆಗೆ ಇಳಿಯಿತು. ನಮ್ಮ ಬಡಾವಣೆಯ ಮುಖ್ಯರಸ್ತೆಯಿಂದ ಮನೆಗೆ ಒಂಬತ್ತು ಹಂಪು. ಅದರಲ್ಲಿ ಎರಡನ್ನು ಮನೆ ಕಟ್ಟಿ ಉಳಿದ ಜಲ್ಲಿಯಲ್ಲಿ ನಿವಾಸಿಗಳೇ ಕಟ್ಟಿಕೊಂಡಿದ್ದು. ಅವುಗಳ ಎತ್ತರ ಆಯಾ ಮನೆಯವರ ಸಿಟ್ಟಿನ ಮೇಲೆ ನಿಂತಿದೆ. ಕಾನೂನಿನ ಹಂಪು ಬೇರೆ. ಅನುಮತಿಯಿಲ್ಲದೆ ವಾಹನ ಬದಲಾಯಿಸಿದರೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ ಎಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಹೆಂಡತಿ ಇದನ್ನು ಓದಿದ ಮೇಲೆ ನನ್ನ ಪಟ್ಟಿಯ ಪ್ರತಿ ಸಾಮಾನಿನ ಮುಂದೆ ಐದು ಸಾವಿರ ಕೂಡಿಸಿ ಕೆಳಗೆ ಮೊತ್ತ ಬರೆದಳು. ಜೈಲಿನ ಕಾಲಂ ಖಾಲಿ ಬಿಟ್ಟಿದ್ದಳು.

ಅಷ್ಟರಲ್ಲಿ ಉಡುಪಿಯಲ್ಲೊಂದು ಮದುವೆ. ತೀರ್ಥಹಳ್ಳಿಯಿಂದ ಮಾವನನ್ನು, ಅಂದರೆ ಅಮ್ಮನ ತಮ್ಮನನ್ನು, ಹತ್ತಿಸಿಕೊಂಡು ಆಗುಂಬೆ ಘಾಟಿ ಇಳಿಯುತ್ತಿದ್ದೆ. ಹದಿನಾಲ್ಕು ತಿರುವು. ಮಾವ ಇದೇ ಘಾಟಿಯಲ್ಲಿ ಸರಕಾರಿ ಮಿನಿ ಬಸ್ಸು ಓಡಿಸಿ ನಿವೃತ್ತನಾದವನು. ಅವನ ಮುಂದೆ ಕೈಚಳಕ ತೋರಿಸುವ ಹುರುಪಿನಲ್ಲಿ ತಿರುವಿನವರೆಗೂ ನುಗ್ಗುವುದು, ಬ್ರೇಕ್ ಒತ್ತುವುದು, ಮತ್ತೆ ನುಗ್ಗುವುದು. ಎಂಟನೇ ತಿರುವಿನ ಹೊತ್ತಿಗೆ ಸುಟ್ಟ ವಾಸನೆ. "ಮುಂದಿನ ಲಾರಿದು ಅನ್ಸತ್ತೆ" ಎಂದೆ. ಮುಂದೆ ಲಾರಿ ಇರಲಿಲ್ಲ. ಒಂಬತ್ತರಲ್ಲಿ ಪೆಡಲು ಹಲಸಿನ ತೊಳೆಯ ಹಾಗೆ ಮೆತ್ತಗಾಯಿತು. ಹ್ಯಾಂಡ್ ಬ್ರೇಕ್ ಎಳೆದು, ಹೇಗೋ ಪಕ್ಕಕ್ಕೆ ನಿಲ್ಲಿಸಿದೆ. ಕಟ್ಟೆಯ ಮೇಲಿನ ಮಂಗಗಳು ನೋಡುತ್ತಾ ಕೂತವು.

"ಇಳಿಯೋವಾಗ ಎಷ್ಟನೇ ಗೇರಲ್ಲಿದ್ದೆ?" ಮಾವ ಕೇಳಿದ.

"ನಾಲ್ಕು."

"ಹತ್ತೋಕೆ ಯಾವ ಗೇರು ಬೇಕೋ ಅದರಲ್ಲೇ ಇಳೀಬೇಕು ಮಾರಾಯ. ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು?"

ಬ್ರೇಕ್ ಆಯಿಲನ್ನು ಬದಲಾಯಿಸಬೇಕು ಎಂಬುದೇ ನನ್ನ ಆರು ತಿಂಗಳ ಅಧ್ಯಯನದಲ್ಲಿ ಎಲ್ಲೂ ಬಂದಿರಲಿಲ್ಲ. ಅದು ಗಾಳಿಯ ತೇವ ಹೀರುತ್ತದಂತೆ. ಹೊಸದಿದ್ದಾಗ ಡಾಟ್ 4 ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಕುಡಿದ ಮೇಲೆ 155ಕ್ಕೇ ಕುದಿಯಬಹುದು. ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ, ನಾವು ಒತ್ತಿದ್ದೆಲ್ಲ ಗುಳ್ಳೆ ಅಮುಕುವುದಕ್ಕೇ ಖರ್ಚು. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾದ್ದು ನನ್ನ ಕಾರಿನಲ್ಲಿ ಹಳೆಯ ಮಾಲೀಕನ ಕಾಲದ್ದೇ ಇತ್ತು. ಮುಕ್ಕಾಲು ಗಂಟೆ ಆರಿಸಿ, ಉಳಿದ ಐದು ತಿರುವನ್ನು ಒಂದನೇ ಗೇರಿನಲ್ಲಿ, ಎತ್ತಿನಗಾಡಿಯ ಗಾಂಭೀರ್ಯದಲ್ಲಿ ಇಳಿದೆವು. ಮದುವೆಯಲ್ಲಿ ಮೂರನೇ ಪಂಕ್ತಿಯ ಊಟ ಸಿಕ್ಕಿತು. ಮಾವ ಯಾರಿಗೂ ಏನೂ ಹೇಳಲಿಲ್ಲ. ವಾಪಸು ಬರುವಾಗ ಮಾತ್ರ ಬಸ್ಸಿಗೆ ಹೋದ.

ಹಾಗಾಗಿ ನನ್ನ ಕಾರಿನ ಮೊದಲ ಪರ್ಫಾರ್ಮೆನ್ಸ್ ಮಾಡಿಫಿಕೇಶನ್ನು: ಹೊಸ ಬ್ರೇಕ್ ಆಯಿಲು, ಒಳ್ಳೆಯ ಬ್ರೇಕ್ ಪ್ಯಾಡು, ನಾಲ್ಕು ಹೊಸ ಟೈರು. ಸದ್ದಿಲ್ಲ, ಹೊಳಪಿಲ್ಲ, ದಂಡವೂ ಇಲ್ಲ. ಕೆಳಗಿನ ಮನೆಯವರು "ಏನೋ ಹೊಸದು ಹಾಕ್ಸಿದ್ರಂತೆ?" ಎಂದು ಆಸೆಯಿಂದ ಬಂದರು. ನಾನು ಮಂಡಿಯೂರಿ ಅಲಾಯ್ ಚಕ್ರದ ಸಂದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ಪ್ಯಾಡು ತೋರಿಸಿದೆ. ಅವರೂ ಬಗ್ಗಿದರು. "ಎಲ್ಲಿ?" ಎಂದರು. "ಅಲ್ಲೇ, ಕಪ್ಪಗೆ." "ಓ," ಎಂದು ಸೊಂಟ ಹಿಡಿದುಕೊಂಡು ಎದ್ದು ಹೋದರು.

ಪ್ಯಾಡಿನ ಡಬ್ಬದಲ್ಲಿ ಕೆಂಪು ಜ್ವಾಲೆಯ ಸ್ಟಿಕ್ಕರೊಂದು ಬಂದಿತ್ತು. ಹಿಂದಿನ ಗಾಜಿಗೆ ಅಂಟಿಸೋಣವೆಂದು ಹುಡುಕಿದರೆ ಇಲ್ಲ. ಮಗ ಅದನ್ನು ತನ್ನ ಸೈಕಲ್ಲಿಗೆ ಹಚ್ಚಿ, ಹಿಂದಿನ ಚಕ್ರಕ್ಕೆ ನೀರಿನ ಬಾಟಲಿಯ ತುಂಡೊಂದನ್ನು ಸಿಕ್ಕಿಸಿ, ಪಾರ್ಕಿಂಗಿನಲ್ಲಿ ಪಟಪಟಪಟ ಸುತ್ತುತ್ತಿದ್ದ. ಹಿಂದೆ ಐದಾರು ಹುಡುಗರು ಓಡುತ್ತಿದ್ದರು.

"ಏನೋ ಇದು?" ಎಂದೆ.

"ಸ್ಟೇಜ್ ಒನ್ ಅಪ್ಪ" ಎಂದ, ನಿಲ್ಲಿಸದೆಯೇ.