ಕ್ರಿಸ್ತಪೂರ್ವ ರಸ್ತೆಯಲ್ಲಿ ಇಂಗ್ಲಿಷಿನ ಉಗಮ

ಇಂಗ್ಲಿಷ್ ಎಲ್ಲಿ ಹುಟ್ಟಿತು ಎಂದು ಪಾಶ್ಚಾತ್ಯ ಪಂಡಿತರು ಥೇಮ್ಸ್ ನದಿಯ ದಡದಲ್ಲಿ ಹುಡುಕಿ ಆಯುಷ್ಯ ಕಳೆದರು. ನೇತ್ರಾವತಿಯ ದಡಕ್ಕೆ ಬಂದಿದ್ದರೆ ಅರ್ಧ ಗಂಟೆಯ ಕೆಲಸ. ಬಂಟ್ವಾಳದ ಮಗ್ಗುಲಲ್ಲೇ ಬಿ.ಸಿ. ರೋಡ್ ಇದೆ. ಬಿ.ಸಿ. ಎಂದರೆ ಕ್ರಿಸ್ತಪೂರ್ವ ಎಂಬುದು ಹೈಸ್ಕೂಲು ಮಕ್ಕಳಿಗೂ ಗೊತ್ತು. ಕ್ರಿಸ್ತ ಹುಟ್ಟುವ ಮೊದಲೇ ಇಂಗ್ಲಿಷಿನಲ್ಲಿ ಹೆಸರಿಟ್ಟುಕೊಂಡ ಮಾರ್ಗ ಭೂಮಂಡಲದಲ್ಲಿ ಇನ್ನೆಲ್ಲಿದೆ? "ಅದು ಬಂಟ್ವಾಳ ಕ್ರಾಸ್ ರೋಡ್ ಮಾರಾಯ್ರೆ" ಎಂದು ರಿಕ್ಷಾ ಸ್ಟ್ಯಾಂಡಿನಲ್ಲಿ ಒಬ್ಬರು ಪೂರ್ವಪಕ್ಷ ಎತ್ತಿದರು. ಅವರಿಗೆ ಪಿಎಚ್‌.ಡಿ. ಆಗಿಲ್ಲವಾದ್ದರಿಂದ ಆಕ್ಷೇಪವನ್ನು ತಳ್ಳಿಹಾಕಲಾಗಿದೆ.

ಇನ್ನು ಪ್ರಮಾಣಗಳು. ಮೊದಲನೆಯದು ಅದೇ ಮಾರ್ಗದಲ್ಲಿ ಓಡುವ ಬಸ್ಸು. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಬಾಡಿಗೆಯ ದೊಡ್ಡ ಕುದುರೆಗಾಡಿಗೆ 'ಓಮ್ನಿಬುಸ್' ಎಂಬ ಲ್ಯಾಟಿನ್ ಹೆಸರು ಬಂತು, ಎಲ್ಲರಿಗೂ ಎಂದರ್ಥ. ಇಂಗ್ಲಿಷರು 'ಎಲ್ಲ'ವನ್ನು ಕತ್ತರಿಸಿ ಬಿಸಾಡಿ ಬಾಲ ಮಾತ್ರ ಇಟ್ಟುಕೊಂಡರು. ಅಂದರೆ ನಾವು ದಿನಾ ಹತ್ತುವುದು ಬರೀ ಚತುರ್ಥಿ ವಿಭಕ್ತಿಯನ್ನು, ಕನ್ನಡದಲ್ಲಿ ಹೇಳುವುದಾದರೆ ಒಂದು 'ರಿಗೂ'ವನ್ನು. ವಿಭಕ್ತಿಯ ವಿಷಯದಲ್ಲಿ ಅಷ್ಟೊಂದು ಬರೆದ ಕೇಶಿರಾಜನಿಗೂ ಪ್ರತ್ಯಯ ಹತ್ತಿ ಮೂಡುಬಿದಿರೆಗೆ ಹೋಗುವ ಯೋಗವಿರಲಿಲ್ಲ. ಸಂಜೆ ಐದೂವರೆಗೆ ಫುಟ್‌ಬೋರ್ಡಿನಲ್ಲಿ ಏಳು ಜನ ನೇತಾಡುತ್ತಿರುವಾಗಲೂ "ದುಂಬು ಪೋಲೆ, ಒಳಗೆ ಜಾಗ ಉಂಟು" ಎನ್ನುವ ಕಂಡಕ್ಟರು ಯಾವ ಲ್ಯಾಟಿನ್ ಓದದೆಯೂ ಮೂಲಾರ್ಥವನ್ನು ಕಾಪಾಡಿಕೊಂಡು ಬಂದಿದ್ದಾರೆ. ಅವರು ಕೂಗುವ 'ರೈಟ್' ಕೂಡ ಸಾಮಾನ್ಯದ್ದಲ್ಲ. ಅದರ ಹಳೆಯ ಅರ್ಥ ನೇರ. ನಮ್ಮ 'ಋಜು' ಅದರ ದಾಯಾದಿ. ಆ ಮಾರ್ಗದ ತಿರುವುಗಳಲ್ಲಿ ಎದುರಿನ ಸೀಟಿನ ಕಂಬಿ ಹಿಡಿದು ಕೂತವರು ಈ ನಿರುಕ್ತಿಯನ್ನು ಒಪ್ಪುವುದಿಲ್ಲ. ಅದು ಅವರ ದೋಷ.

ಮೂಡುಬಿದಿರೆ 'ಸ್ಕೂಲ್' ಶಬ್ದಕ್ಕೆ ಪ್ರಮಾಣ. ಗ್ರೀಕರ 'ಸ್ಖೋಲೆ' ಎಂದರೆ ಬಿಡುವು, ವಿರಾಮ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಮುಂದಿನಿಂದಲೇ ಬೆಳಕು ಹರಿಯುವ ಮೊದಲು ಬೆನ್ನು ಬಾಗಿಸಿಕೊಂಡು ಕೋಚಿಂಗಿಗೆ ಹೋಗುವ ಮಕ್ಕಳನ್ನು ನಿಲ್ಲಿಸಿ ಈ ಅರ್ಥ ಹೇಳಿದೆ. ಒಬ್ಬಳು ಆಕಳಿಸಿದಳು. ಆಕಳಿಕೆಯನ್ನು ಸಮ್ಮತಿ ಎಂದು ಪರಿಗಣಿಸಿದ್ದೇನೆ. ಜಿಲ್ಲಾಧಿಕಾರಿಗಳು ಮಳೆಗೆ ರಜೆ ಸಾರಿದ ದಿನ ಮಾತ್ರ ಈ ಊರಿನಲ್ಲಿ ಶುದ್ಧ ಗ್ರೀಕ್ ಅರ್ಥದ ಸ್ಕೂಲ್ ನಡೆಯುತ್ತದೆ.

ಈ ಪ್ರಬಂಧದ ಶಿಖರವಿರುವುದು ಬೆಳ್ತಂಗಡಿಯ ನಮ್ಮ ಅತ್ತೆಯ ಅಡುಗೆಮನೆಯಲ್ಲಿ. ನೀರುದೋಸೆಗೆ ಅಕ್ಕಿ ಕಡೆಯುತ್ತಿದ್ದರು. ಹಿಟ್ಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿ ನೋಡಿ, "ನೈಸ್ ಆಗ್ಲಿಲ್ಲ, ಇನ್ನೆರಡು ಸುತ್ತು ಬೇಕು" ಎಂದರು. ನನಗೆ ರೋಮಾಂಚನವಾಯಿತು. ಲ್ಯಾಟಿನ್ನಿನ 'ನೆಸ್ಕಿಯುಸ್' ಎಂದರೆ ಏನೂ ಅರಿಯದವನು. ಇಂಗ್ಲಿಷಿಗೆ ಬಂದಾಗ 'ನೈಸ್' ಎಂದರೆ ದಡ್ಡ; ಆಮೇಲೆ ಅತಿ ನಾಜೂಕಿನವನು; ಆಮೇಲೆ ಸೂಕ್ಷ್ಮ, ನವುರು. 'ಚೆನ್ನಾಗಿದೆ' ಎಂಬ ಅರ್ಥ 18ನೇ ಶತಮಾನದ ಈಚೆಗಿನ ಸರಕು. ಅತ್ತೆಯ ಬೆರಳ ತುದಿಯಲ್ಲಿರುವುದು ಅದಕ್ಕೂ ಹಿಂದಿನದು, ಶೇಕ್ಸ್‌ಪಿಯರನಿಗೆ ಗೊತ್ತಿದ್ದದ್ದು. ಇದನ್ನೆಲ್ಲ ವಿವರಿಸಿದೆ. "ಅದಿರ್ಲಿ ಮಗಾ, ಎಷ್ಟು ಪಾವು ಅಕ್ಕಿಗೆ ಎಷ್ಟು ನೀರು, ಹೇಳು ನೋಡುವ" ಎಂದರು. ಗೊತ್ತಿಲ್ಲ ಎಂದೆ. ಆ ಕ್ಷಣಕ್ಕೆ ಅಲ್ಲಿ ಶುದ್ಧ ಲ್ಯಾಟಿನ್ ಅರ್ಥದ ನೈಸ್ ನಾನೊಬ್ಬನೇ.

ಕಹಿ ವಿಷಯ ಅಡಿಕೆಯದು. 'ಅರಿಕಾ' ಎಂಬ ಇಂಗ್ಲಿಷ್ ಶಬ್ದ ಪೋರ್ಚುಗೀಸರ ಬಾಯಿಂದ ಬಂತು. ಅವರ ನಾಲಗೆಗೆ ಡಕಾರ ಹತ್ತದೆ ರಕಾರವಾಯಿತು. ನಿಘಂಟುಗಳು ಆ ಕೀರ್ತಿಯನ್ನು ಮಲಯಾಳದ 'ಅಡಯ್ಕ'ಕ್ಕೆ ಕೊಟ್ಟಿವೆ. ನಮ್ಮ 'ಅಡಕೆ' ಪಕ್ಕದಲ್ಲೇ ನಿಂತಿದ್ದರೂ ಯಾರೂ ಮಾತಾಡಿಸಿಲ್ಲ. ತುಳುವರಂತೂ ಅದನ್ನು 'ಬಜ್ಜೈ' ಎನ್ನುತ್ತಾರೆ. ಹಡಗಿನವರು ತುಳುವಿನಲ್ಲಿ ವಿಚಾರಿಸಿದ್ದರೆ 1753ರಲ್ಲಿ ಲಿನೇಯಸ್ ಮಹಾಶಯ ಆ ಮರಕ್ಕೆ 'ಅರೇಕಾ ಕಟೇಚು' ಬದಲು 'ಬಜ್ಜೈ ಕಟೇಚು' ಎಂದು ನಾಮಕರಣ ಮಾಡಬೇಕಾಗುತ್ತಿತ್ತು. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಬರ್ನೆಲ್ ಸಾಹೇಬರು ಯೂಲ್ ಜತೆ ಸೇರಿ ಮಾಡಿದ ಆಂಗ್ಲೋ-ಇಂಡಿಯನ್ ಶಬ್ದಕೋಶ 1886ರಲ್ಲಿ ಹೊರಬಂತು. ಅದರ ಹೆಸರು 'ಹಾಬ್ಸನ್-ಜಾಬ್ಸನ್': ಮೊಹರಮ್ಮಿನ 'ಯಾ ಹಸನ್, ಯಾ ಹುಸೇನ್' ಬ್ರಿಟಿಷ್ ಸಿಪಾಯಿಗಳ ಕಿವಿಯಲ್ಲಿ ಆದ ಅವತಾರ. ಇಷ್ಟಾದ ಮೇಲೂ ನನ್ನ ಬಿ.ಸಿ. ರೋಡ್ ಸಿದ್ಧಾಂತಕ್ಕೆ ನಗುವವರು ನಗಲಿ.

ತೋಟದಲ್ಲಿ ನಡೆದ ಶೋಧ ಕೊನೆಯದು. ಅಡಿಕೆಗೆ ಬಿಡುವ 'ಬೋರ್ಡೋ' ಮದ್ದಿನ ಹೆಸರು ತುಳುವಿನ 'ಬೋಡಾ?' (ಬೇಕಾ?) ಎಂಬ ಪ್ರಶ್ನೆಯಿಂದ ಹುಟ್ಟಿದ್ದು, "ಮರ್ದ್ ಬೋಡಾ?" ಎಂದು ಅಂಗಡಿಯವನು ಕೇಳಿದ್ದೇ ಮೂಲ, ಎಂದು ನಾನು ನಿರ್ಣಯಿಸಿದ್ದೆ. ಫ್ರಾನ್ಸಿನ ಬೋರ್ಡೋದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಬಳ್ಳಿಗೆ ಮೈಲುತುತ್ತು, ಸುಣ್ಣ ಬಳಿಯುತ್ತಿದ್ದರಂತೆ. ಬಳಿದ ಬಳ್ಳಿಗೆ ರೋಗ ಹತ್ತದ್ದನ್ನು ಕಂಡ ಮಿಲಾರ್ಡೆ ಎಂಬ ಪ್ರೊಫೆಸರು 1885ರಲ್ಲಿ ಅದನ್ನು ಪ್ರಕಟಿಸಿದರಂತೆ. ನನ್ನ ನಿರುಕ್ತಿಗೆ ಹೋಲಿಸಿದರೆ ಇದೇ ಕಟ್ಟುಕಥೆಯಂತಿದೆ. ದುಃಖವೆಂದರೆ ಇದು ನಿಜ. ಆದರೆ ಪ್ರತೀಕಾರ ಮೊದಲೇ ಆಗಿಹೋಗಿದೆ. 1876ರಲ್ಲಿ ಕುಕ್ ಎಂಬ ಆಂಗ್ಲ ವಿಜ್ಞಾನಿ ಮೈಸೂರು ಸೀಮೆಯ ಕಾಫಿಗೆ ತಗಲಿದ ಬೂಷ್ಟಿಗೆ 'ಪೆಲ್ಲಿಕ್ಯುಲೇರಿಯಾ ಕೊಳೆರೋಗ' ಎಂದು ಹೆಸರಿಟ್ಟ. ಅವರ ಮದ್ದು ನಮಗೆ ಬಂತು, ನಮ್ಮ ಕೊಳೆ ಅವರ ಲ್ಯಾಟಿನ್ನಿಗೆ ಹೋಯಿತು.

ಎರಡನೆಯ ಸಂಪುಟ ಮಳೆಗಾಲ ಕಳೆದ ಮೇಲೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ತಂದಿಟ್ಟು ವಾರವಾಯಿತು, ಎರಡನೇ ಮದ್ದು ಬಿಡಲು ಜನ ಸಿಕ್ಕಿಲ್ಲ. ಮರ ಹತ್ತುವವರು ಯಾರಾದರೂ ಗೊತ್ತಿದ್ದರೆ ಓದುಗರು ದಯವಿಟ್ಟು ತಿಳಿಸಬೇಕು.