ಮಂಡಕ್ಕಿ ಲೋಡಿಗೆ ಮರಳಿನ ಚೀಲ

ಹಿಮ ಬೀಳುವ ದೇಶಗಳಲ್ಲಿ ಖಾಲಿ ಪಿಕಪ್‌ನ ಹಿಂದಿನ ಆಕ್ಸಲ್ ನೇರಕ್ಕೆ ಮರಳಿನ ಚೀಲ ಹೇರುತ್ತಾರಂತೆ. ಎಂಜಿನ್ನಿನ ಭಾರ ಮುಂದೆ, ದೂಡುವ ಕೆಲಸ ಹಿಂದಿನ ಗಾಲಿಯದು. ಮೇಲೆ ತೂಕವಿಲ್ಲದಿದ್ದರೆ ಅದು ನಿಂತಲ್ಲೇ ಗಿರಗಿರ ತಿರುಗುತ್ತದೆ. ಇದನ್ನು ದಾವಣಗೆರೆಯ ಪಿಕಪ್ ಚಾಲಕನೊಬ್ಬನಿಗೆ ಹೇಳಿದೆ. “ಹರಿಹರದ ಹೊಳೆ ಮರಳಾ? ಮೊದ್ಲು ಪರ್ಮಿಟ್ ಕೇಳ್ತಾರ್ರೀ” ಅಂದ.

ಅವನ ಪೇಚಾಟವೇ ಬೇರೆ. ಬಾಡಿಗೆ ಸಿಗುವುದು ಮಂಡಕ್ಕಿ ಭಟ್ಟಿಯಿಂದ. ಮೂಟೆಗಳು ಕ್ಯಾಬಿನ್ನಿಗಿಂತ ಎತ್ತರ, ಸುತ್ತ ಹಗ್ಗದ ಬಿಗಿತ. ತೂಕಕ್ಕೆ ಹಾಕಿದರೆ ಮುಳ್ಳು ನಾಚಿಕೊಂಡು ನಿಲ್ಲುತ್ತದೆ. ಪೊಲೀಸರ ಕಣ್ಣಿಗೆ ಓವರ್‌ಲೋಡು, ಟೈರಿನ ಲೆಕ್ಕಕ್ಕೆ ಖಾಲಿ ಗಾಡಿ!

ನಮ್ಮಲ್ಲಿ ಹಿಮವಿಲ್ಲ, ನಿಜ. ಮೆಕ್ಕೆಜೋಳವಿದೆಯಲ್ಲ! ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಕಾಳು ಹರವಿ, ಅಂಚಿಗೆ ಕಲ್ಲಿಟ್ಟು, ಕಾವಲಿಗೆ ಅಜ್ಜನನ್ನು ಕೂರಿಸಿರುತ್ತಾರೆ. ಬ್ರೇಕ್ ಒತ್ತಿದರೆ ಗಾಡಿ ಜಾರುತ್ತದೆ, ಅಜ್ಜ ಬೈಯುತ್ತಾನೆ. ಎರಡನೆಯದೇ ಹೆಚ್ಚು ಅಪಾಯ. ಮುಂದೆ ತುಂಗಭದ್ರೆಯ ಸೇತುವೆ ಹತ್ತಿರ ಮುಂಜಾನೆಯ ಮಂಜು ಬೇರೆ.

ಹಾಗಾಗಿ ಚಳಿಗಾಲಕ್ಕೆ ಅವನೂ ತಯಾರಾಗುತ್ತಾನೆ. ಸವೆದ ಟೈರು ಬದಲು, ಬ್ಯಾಟರಿ ತುದಿಯ ಬಿಳಿ ಪುಡಿಗೆ ಬಿಸಿನೀರು, ಬಂಪರಿಗೆ ಹೊಸ ನಿಂಬೆಹಣ್ಣು. ಮರಳಿನ ಬದಲು, ಮಂಡಕ್ಕಿಯ ಅಡಿಗೆ ಅಕ್ಕಿ ಮೂಟೆ. “ಒಂದೇ ಭತ್ತದ ಮಕ್ಕಳು ಸಾರ್, ಒಬ್ಬ ಗಟ್ಟಿ, ಒಬ್ಬ ಟೊಳ್ಳು.”

ಹರಿಹರದಲ್ಲಿ ಅಕ್ಕಿ ಇಳಿಸಿದ ಮೇಲೆ?

“ವಾಪಸ್ ಬರೋವಾಗ ಇಟ್ಟಿಗೆ ಐತಲ್ರೀ. ಆಗ ಹಿಂದಿನ ಗಾಲಿ ಅಲ್ಲಾಡಲ್ಲ, ಮುಂದಿನವು ನೆಲ ಬಿಡ್ತಾವು!”